ಅಪರಾಧ ನಿರೋಧದ ಜಮಾಖರ್ಚು

(ಸಂಘದ ಕೂಟದಲ್ಲಿ ಮಾಡಿದ ಭಾಷಣದ ಸಾರಾಂಶ)



ಸಾರ್ವಜನಿಕ ಹಣ ವೆಚ್ಚವಾದರೆ ಲೆಕ್ಕ ಕೇಳುವುದು ವಾಡಿಕೆ. ಅಪರಾಧ ತಡೆಯಲೆಂದು ವೆಚ್ಚವಾದಾಗ ಮಾತ್ರ, ಅದು ನಿಜವಾಗಿ ತಡೆಯಿತೇ ಎಂದು ನಾವು ಕೇಳುವುದು ಅಪರೂಪ. ಈ ವಿಷಯವಾಗಿ ತಮ್ಮಲ್ಲಿ ಎರಡು ಮಾತು ಅರಿಕೆ ಮಾಡುತ್ತೇನೆ.

ನಮ್ಮ ಚೆನ್ನೈಯನ್ನೇ ನೋಡಿ. ಶ್ರೀ ಎ. ಕೆ. ವಿಶ್ವನಾಥನ್ ಅವರು 2017ರಿಂದ 2020ರವರೆಗೆ ಪೋಲೀಸ್ ಕಮಿಷನರರಾಗಿದ್ದಾಗ ‘ಮೂರನೆಯ ಕಣ್ಣು’ ಯೋಜನೆಯಿಂದ ಎರಡು ಲಕ್ಷಕ್ಕೂ ಮಿಕ್ಕಿ ಕ್ಯಾಮೆರಾಗಳು ಬೀದಿಬೀದಿಗಳಲ್ಲಿ ನಿಂತವು. ವರ್ತಕರೂ ನಿವಾಸಿಗಳೂ ಕೈಯಿಂದ ಹಣ ಕೊಟ್ಟರು. ಸರಗಳ್ಳತನ ಇಳಿಯಿತೆಂದು ಪೋಲೀಸರು ಅಂಕಿಗಳನ್ನು ಮುಂದಿಟ್ಟರು. ಕಳ್ಳರನ್ನು ಹಿಡಿಯಲು ಕ್ಯಾಮೆರಾ ನೆರವಾದುದು ನಿಜ. ಆದರೆ ಹಿಡಿಯುವುದು ಬೇರೆ, ತಡೆಯುವುದು ಬೇರೆ.

ಒಂದು ತಂಡ ಸೆರೆಮನೆ ಸೇರಿದರೂ ಅಂಕಿ ಇಳಿಯುತ್ತದೆ. ಕಳ್ಳನು ಪಕ್ಕದ ಬಡಾವಣೆಗೆ ಹೋದರೂ ಇಳಿಯುತ್ತದೆ. ಠಾಣೆಯಲ್ಲಿ ದೂರು ಬರೆದುಕೊಳ್ಳದಿದ್ದರೂ ಇಳಿಯುತ್ತದೆ. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಆಗಿ ಬೀದಿಗಳೇ ಬರಿದಾದುವು. ಆಗಿನ ಇಳಿತವನ್ನೂ ಕ್ಯಾಮೆರಾದ ಖಾತೆಗೆ ಜಮಾ ಮಾಡಬಹುದೇ?

ಇಂಥ ಸಂದೇಹವನ್ನು ಪರೀಕ್ಷಿಸುವ ಬಗೆಯುಂಟು. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ 1972–73ರಲ್ಲಿ 15 ಗಸ್ತು ವಲಯಗಳನ್ನು ಮೂರು ಗುಂಪು ಮಾಡಿದರು. ಒಂದರಲ್ಲಿ ಎಂದಿನ ಗಸ್ತು. ಇನ್ನೊಂದರಲ್ಲಿ ಎರಡು ಮೂರು ಪಟ್ಟು. ಮತ್ತೊಂದರಲ್ಲಿ ಗಸ್ತೇ ಇಲ್ಲ, ಕರೆ ಬಂದರಷ್ಟೇ ಹೋಗುವುದು. ವರ್ಷ ಕಳೆದು ನೋಡಿದರೆ, ಅಪರಾಧದಲ್ಲಾಗಲಿ ಜನರ ಭಯದಲ್ಲಾಗಲಿ ಗಣನೀಯ ಭೇದವಿರಲಿಲ್ಲ!

ಹಾಗೆಂದು ಎಲ್ಲ ಪ್ರಯತ್ನವೂ ವ್ಯರ್ಥವಲ್ಲ. ಕ್ಯಾಮೆರಾಗಳ ಬಗೆಗಿನ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ವೆಲ್ಷ್ ಮತ್ತು ಫ್ಯಾರಿಂಗ್ಟನ್ ಎಂಬ ವಿದ್ವಾಂಸರಿಗೆ, ವಾಹನ ನಿಲ್ಲಿಸುವ ತಾಣಗಳಲ್ಲಿ ಒಳ್ಳೆಯ ಫಲವೂ ಪೇಟೆಬೀದಿಗಳಲ್ಲಿ ಅಲ್ಪಫಲವೂ ಕಂಡುಬಂದವು. ಎಲ್ಲಿ, ಯಾವ ಅಪರಾಧಕ್ಕೆ ಎಂದು ಕೇಳುವುದೇ ವಿವೇಕ.

ಆದುದರಿಂದ ನನ್ನ ಸೂಚನೆ ಇಷ್ಟೇ. ಒಂದೇ ತೆರನಾದ ಬೀದಿಗಳಲ್ಲಿ ಕೆಲವಕ್ಕೆ ಮೊದಲು, ಕೆಲವಕ್ಕೆ ಆಮೇಲೆ ಕ್ಯಾಮೆರಾ ಹಾಕಿ ಹೋಲಿಸಬೇಕು. ಏನನ್ನು ಎಣಿಸುವುದೆಂದು ಮುಂಚೆಯೇ ಗೊತ್ತುಮಾಡಬೇಕು. ಠಾಣೆಯ ಪುಸ್ತಕವಲ್ಲದೆ ಮನೆಮನೆಯಲ್ಲೂ ವಿಚಾರಿಸಬೇಕು. ಬ್ಯಾಂಕಿನಲ್ಲಿ ಲೆಕ್ಕ ಬರೆದವನೇ ಅದನ್ನು ತಪಾಸಣೆ ಮಾಡುವುದಿಲ್ಲ. ಇಲ್ಲಿಯೂ ಹಾಗೆಯೇ ಆಗಲಿ. ಲಾಭವೋ ನಷ್ಟವೋ, ಫಲವನ್ನು ಪ್ರಕಟಿಸಲಿ.

ಸಂಜೆ ದೇವಸ್ಥಾನಕ್ಕೆ ಹೋಗುವ ತಾಯಿಗೆ ಬೇಕಾದುದು ಕಂಬದ ಮೇಲಿನ ಕ್ಯಾಮೆರಾ ಅಲ್ಲ, ನಿರ್ಭಯವಾಗಿ ಮನೆಗೆ ಹಿಂತಿರುಗುವುದು. ಕ್ಯಾಮೆರಾ ಅದನ್ನು ಕೊಡದಿದ್ದರೆ, ಆ ಹಣದಿಂದ ಬೀದಿಗೆ ದೀಪವನ್ನಾದರೂ ಹಾಕಿ ನೋಡಬಹುದಲ್ಲವೇ?