ಕೆಡಹುವ ಮೊದಲು ಲೆಕ್ಕ ಕೇಳೋಣ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಹೊಟೇಲಿನ ಭಟ್ಟಿಯೆದುರು ನಿಂತವರಿಗೂ ಗಿರಣಿಯ ಖಾತೆಯಲ್ಲಿ ಬೆವರು ಸುರಿಸಿದವರಿಗೂ ಕಟ್ಟಡದ ಕಾವು ಎಂಥದೆಂದು ಹೇಳಬೇಕಾಗಿಲ್ಲ. ಯಾವ ಗೋಡೆ ಮಧ್ಯಾಹ್ನ ಸುಡುತ್ತದೆ, ಯಾವ ಕಿಟಕಿ ತೆರೆದರೆ ಗಾಳಿ ಬರುತ್ತದೆ ಎಂಬುದನ್ನು ನಾವು ಬಲ್ಲೆವು. ಆದರೆ ಅಂಕೆಯಿಲ್ಲದ ಮಾತಿಗೆ ಮಾಲೀಕರ ಮುಂದೆ ಬೆಲೆಯಿಲ್ಲ.

ಆ ಅಂಕೆಯನ್ನು ಒದಗಿಸುವ ಸಾಧನವೊಂದು ಈಗ ಇದೆ. ನಿಂತ ಕಟ್ಟಡವನ್ನು ಅಳೆದು, ಗೋಡೆಯ ದಪ್ಪ, ಕಿಟಕಿ, ದೀಪ, ಯಂತ್ರ, ಒಳಗಿನ ಜನ, ವಿದ್ಯುತ್ತಿನ ಬಿಲ್ಲು ಎಲ್ಲವನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಅದರ ಪ್ರತಿರೂಪವನ್ನು ರಚಿಸುತ್ತಾರೆ. ಇದೇ ಡಿಜಿಟಲ್ ಮಾದರಿ. ದರ್ಜಿಯು ಕತ್ತರಿ ಹಾಕುವ ಮುನ್ನ ಸೀಮೆಸುಣ್ಣದ ಗೆರೆ ಎಳೆಯುವಂತೆ, ಒಂದು ಇಟ್ಟಿಗೆಯನ್ನೂ ಕದಲಿಸದೆ ಯಾವ ದುರಸ್ತಿಯಿಂದ ಎಷ್ಟು ಉಳಿತಾಯವೆಂದು ಇದರಲ್ಲಿ ನೋಡಬಹುದು.

ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವನ್ನು ನೋಡಿರಿ. 1931ರಲ್ಲಿ ತೆರೆದ 102 ಅಂತಸ್ತಿನ ಈ ಕಟ್ಟಡದ ಸುಧಾರಣೆಯ ಯೋಜನೆ 2009ರಲ್ಲಿ ಪ್ರಕಟವಾಯಿತು. 60ಕ್ಕೂ ಹೆಚ್ಚು ಉಪಾಯಗಳನ್ನು ತೂಗಿ ನೋಡಿ, ಮಾದರಿಯ ಲೆಕ್ಕದ ಸಹಾಯದಿಂದ ಕೊನೆಗೆ 8ನ್ನು ಆರಿಸಿದರು. 6,514 ಕಿಟಕಿಗಳನ್ನು ಎಸೆಯಲಿಲ್ಲ. ಕಟ್ಟಡದೊಳಗೇ ಕಾರ್ಯಾಗಾರ ಹೂಡಿ, ಹಳೆಯ ಗಾಜುಗಳ ನಡುವೆ ತೆಳು ಪೊರೆ ಇಟ್ಟು, ಅನಿಲ ತುಂಬಿ ಮತ್ತೆ ಕೂರಿಸಿದರು. ಹೊರಗಿನ ಕಾವು ಕಡಿಮೆ ಬಂದುದರಿಂದ ತಂಪು ಮಾಡುವ ದೊಡ್ಡ ಯಂತ್ರಗಳನ್ನು ಹೊಸದಾಗಿ ಕೊಳ್ಳಬೇಕಾಗಲಿಲ್ಲ. ಇದ್ದವನ್ನೇ ದುರಸ್ತಿ ಮಾಡಿದರೆ ಸಾಕಾಯಿತು. ಒಟ್ಟು ಇಂಧನದಲ್ಲಿ ಶೇಕಡಾ 38ರಷ್ಟು ಉಳಿತಾಯವೆಂದು ಅಂದಾಜು ಮಾಡಿದ್ದರು. ಮೊದಲ ವರ್ಷದ ಉಳಿತಾಯವು ಗುತ್ತಿಗೆಯಲ್ಲಿ ಖಾತರಿ ಕೊಟ್ಟುದನ್ನೂ ಮೀರಿತು.

ಮೊದಲು ಸೋರಿಕೆ ನಿಲ್ಲಿಸು, ಆಮೇಲೆ ಯಂತ್ರದ ಮಾತು ಎಂಬುದೇ ಇದರ ಪಾಠ. ತೂತು ಬಿದ್ದ ಕೊಡಕ್ಕೆ ದೊಡ್ಡ ನಲ್ಲಿ ಹಾಕಿ ಫಲವೇನು?

ಬಂಧುಗಳೇ, ನಮ್ಮಲ್ಲಿ ಅನೇಕರು ಹಳೆಯ ಚಾಳುಗಳಲ್ಲಿ ಬಾಳಿದವರು. ಬೀಳುವ ಗೋಡೆಯ ಕೆಳಗೆ ಮಲಗಿರೆಂದು ನಾವು ಹೇಳುವುದಿಲ್ಲ. ಗೋಡೆಯ ಬಲವನ್ನು ಇಂಜಿನಿಯರರು ಬೇರೆಯಾಗಿಯೇ ಪರೀಕ್ಷಿಸತಕ್ಕದ್ದು. ಆದರೆ ಗಟ್ಟಿಯಾಗಿರುವುದನ್ನು ಹಳೆಯದೆಂಬ ಒಂದೇ ಕಾರಣಕ್ಕೆ ಕೆಡಹಿದರೆ, ಅದರ ಇಟ್ಟಿಗೆ, ಸಿಮೆಂಟು, ಉಕ್ಕಿಗಾಗಿ ಅಂದು ಸುಟ್ಟ ಕಲ್ಲಿದ್ದಲೂ, ಕಟ್ಟಿದವರ ದುಡಿಮೆಯೂ ವ್ಯರ್ಥವಾಗುತ್ತವೆ. ಒಕ್ಕಲೆದ್ದವನು ಮರಳಿ ಅದೇ ಗಲ್ಲಿಗೆ ಬರುವನೆಂಬ ಭರವಸೆಯೂ ಇಲ್ಲ.

ಮಾದರಿಯು ತಾನಾಗಿ ನ್ಯಾಯ ಕೊಡುವುದಿಲ್ಲ. ತಪ್ಪು ಅಳತೆ ಕೊಟ್ಟರೆ ತಪ್ಪು ಉತ್ತರವೇ ಬರುವುದು. ಅಡಿಗೆಮನೆಯ ಹೊಗೆ ಎತ್ತ ಹೋಗುತ್ತದೆಂದು ಅಡಿಗೆಯವನನ್ನು ಕೇಳದೆ ಬರೆದ ಲೆಕ್ಕ ಅರೆಲೆಕ್ಕ. ಆದುದರಿಂದ ಅಳೆಯುವವರು ಬಂದಾಗ ನಾವು ಬಾಗಿಲು ತೆರೆಯೋಣ, ತಿಳಿದುದನ್ನು ಹೇಳೋಣ, ಬಂದ ಲೆಕ್ಕವನ್ನು ನಮಗೂ ತೋರಿಸಿರೆಂದು ಒಕ್ಕೊರಲಿನಿಂದ ಕೇಳೋಣ.