‘ಗಿಂತ’ದ ಗೊಂದಲ

‘ರಾಮನಿಗಿಂತ ಎತ್ತರ’, ‘ರಾಮನಿಗಿಂತ ಕೆಲಸದಲ್ಲಿ ಹಿರಿಯ’ ಎನ್ನುತ್ತೇವೆ. ಕನ್ನಡದಲ್ಲಿ ‘ಗಿಂತ’ ಎರಡು ಕಡೆಗೂ ಸಲ್ಲುತ್ತದೆ. ‘ಎತ್ತರ’ ಎತ್ತರವಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ‘ಟಾಲ್’ ಎಂಬುದು ‘ಟಾಲರ್’ ಆಗಿ, ಅದರ ಮುಂದೆ ‘ದ್ಯಾನ್’ ಬರಬೇಕು. ‘ಮೋರ್ ಟಾಲರ್’ ಎಂದರೆ ಒಂದೇ ಹೋಲಿಕೆಯನ್ನು ಎರಡು ಸಲ ಹೇಳಿದಂತೆ.

ಲ್ಯಾಟಿನ್ನಿನಿಂದ ಬಂದ ಸೀನಿಯರ್, ಜೂನಿಯರ್, ಸುಪೀರಿಯರ್, ಇನ್ಫೀರಿಯರ್ ಪದಗಳಿಗೆ ಮಾತ್ರ ‘ದ್ಯಾನ್’ ಒಗ್ಗದು, ‘ಟು’ ಬೇಕು. ಉದ್ಯೋಗದ ಅರ್ಜಿಯಲ್ಲಿ ‘ಸೀನಿಯರ್ ದ್ಯಾನ್’ ಎಂದು ಬರೆದಿರೋ, ಓದುವ ಅಧಿಕಾರಿಗೆ ಮೊದಲು ಕಾಣುವುದು ಅದೇ!

‘ಮೈಸೂರಿನ ಹವೆ ರಾಯಚೂರಿಗಿಂತ ತಂಪು’ ಎಂದರೆ ನಮಗೆ ಸಾಕು. ಇಂಗ್ಲಿಷ್ ಬರವಣಿಗೆಯಲ್ಲಿ ಹಾಗೆಯೇ ಇಟ್ಟರೆ ಹವೆಯನ್ನು ಊರಿನೊಡನೆ ತೂಗಿದಂತಾಗುತ್ತದೆ. ಅಲ್ಲಿ ‘ದ್ಯಾನ್ ದಟ್ ಆಫ್ ರಾಯಚೂರ್’ ಎಂದು ಬರೆಯಬೇಕು.