ಓಡುವ ಮೊದಲು ನಿಲ್ಲಲು ಕಲಿತ ಕಾರು



ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಸಾಂಸ್ಕೃತಿಕ ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಟನ್‌ಗಟ್ಟಲೆ ತೂಕದ ಕಲ್ಲು, ಹುರುಪಿನ ಜೋಡಿ, ಸುತ್ತಲೂ ಕಿಕ್ಕಿರಿದ ಜನ. ಆ ಜೋಡಿಯನ್ನು ರೈತ ಹಿಂದಿನ ಸಂಜೆ ಕೊಟ್ಟಿಗೆಯಿಂದ ಬಿಚ್ಚಿ ತಂದದ್ದಲ್ಲ. ತಿಂಗಳುಗಟ್ಟಲೆ ಮೇವು ನೋಡಿಕೊಂಡಿರುತ್ತಾನೆ, ಲಾಳ ಕಟ್ಟಿಸಿರುತ್ತಾನೆ, ಭಾರವನ್ನು ಸ್ವಲ್ಪ ಸ್ವಲ್ಪವಾಗಿ ಏರಿಸಿ ರೂಢಿ ಮಾಡಿಸಿರುತ್ತಾನೆ. ಇನ್ನೊಂದು ಮಾತು: ಕಲ್ಲು ಎಳೆಯಲು ಒಂದು ಬಯಲನ್ನು ಬೇರೆ ಮಾಡಿರುತ್ತಾರೆ. ದೇವದುರ್ಗದ ಸಂತೆಯ ನಡುವೆ ಯಾರೂ ಕಲ್ಲು ಎಳೆಸುವುದಿಲ್ಲ.

ಇಂದಿನ ನಮ್ಮ ವಿಷಯ ಎತ್ತಲ್ಲ, ಕಾರು. ಈ ಭಾಗಕ್ಕೆ ಚಿತ್ರೀಕರಣಕ್ಕೆಂದು ಹೋದಾಗಲೆಲ್ಲ ನಮ್ಮ ಗಾಡಿಯ ಸುತ್ತ ಸೇರುವ ಹುಡುಗರು ಒಂದು ಪ್ರಶ್ನೆ ಕೇಳುತ್ತಾರೆ: ‘ಸರ್, ಇದು ಎಷ್ಟು ಓಡ್ತದ್ರಿ?’ ಎಷ್ಟು ಬೇಗ ನಿಲ್ಲುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಆ ಕೇಳದ ಪ್ರಶ್ನೆಗೆ ಇಂದು ಉತ್ತರ ಹೇಳಬೇಕೆಂದಿದ್ದೇನೆ.

ಮೊದಲು ‘ಟ್ರ್ಯಾಕ್ ಡೇ’ ಎಂದರೇನು ಎಂಬುದನ್ನು ತಿಳಿಯೋಣ. ಇದು ಪಂದ್ಯವಲ್ಲ. ಕಾರಿದ್ದವರು ಶುಲ್ಕ ಕಟ್ಟಿ, ತಮ್ಮ ಕಾರನ್ನೇ ರೇಸ್ ಪಥಕ್ಕೆ ಒಯ್ದು, ತಂಡ ತಂಡವಾಗಿ ಹದಿನೈದು ಇಪ್ಪತ್ತು ನಿಮಿಷ ಓಡಿಸುವ ದಿನ. ಗೆದ್ದವರು ಸೋತವರು ಎಂಬುದಿಲ್ಲ. ದಕ್ಷಿಣ ಭಾರತದಲ್ಲಿ ಇದಕ್ಕೆ ಹೆಸರಾದ ಪಥಗಳಲ್ಲಿ ಎರಡನ್ನು ಹೇಳಬಹುದು. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿ 1990ರಲ್ಲಿ ಆರಂಭವಾದ, ಸುಮಾರು 3.7 ಕಿಲೋಮೀಟರ್ ಉದ್ದದ ಪಥ ಒಂದು. ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ಇನ್ನೊಂದು. ಅಲ್ಲಿ ಎಲ್ಲ ಕಾರುಗಳೂ ಒಂದೇ ದಿಕ್ಕಿನಲ್ಲಿ ಓಡುತ್ತವೆ. ತಿರುವಿನಲ್ಲಿ ತಪ್ಪಿದವರಿಗೆ ಪಕ್ಕದಲ್ಲಿ ಖಾಲಿ ಜಾಗ ಇರುತ್ತದೆ. ಬಾವುಟ ಹಿಡಿದ ಮಾರ್ಷಲ್‌ಗಳೂ ಆಂಬುಲೆನ್ಸೂ ಇರುತ್ತವೆ.

ಅಂಗಡಿಯಿಂದ ಬಂದ ಹಾಗೆಯೇ ಇರುವ ಸ್ಪೋರ್ಟ್ಸ್ ಕಾರನ್ನು ಇಂಥ ಪಥಕ್ಕೆ ಸಿದ್ಧಪಡಿಸುವುದು ಹೇಗೆ? ಎಂಜಿನ್ನಿಗೆ ಇನ್ನಷ್ಟು ಶಕ್ತಿ ತುಂಬುವುದರಿಂದ ಎಂದು ನೀವು ಹೇಳಬಹುದು. ಅಲ್ಲ. ಸ್ಪೋರ್ಟ್ಸ್ ಕಾರಿಗೆ ಓಡಲು ಬರುತ್ತದೆ, ಅದಕ್ಕಾಗಿಯೇ ಅದನ್ನು ಮಾಡಿರುವುದು. ಪಥದಲ್ಲಿ ಅದನ್ನು ಸೋಲಿಸುವುದು ಶಾಖ.

ಲೆಕ್ಕ ಹಾಕೋಣ. ಪಿ.ಯು.ಸಿ. ಪುಸ್ತಕದಲ್ಲಿ ಚಲನಶಕ್ತಿಯ ಸೂತ್ರವಿದೆ: ರಾಶಿಯನ್ನು ವೇಗದ ವರ್ಗದಿಂದ ಗುಣಿಸಿ ಅರ್ಧ ಮಾಡುವುದು. 1000 ಕಿಲೋಗ್ರಾಂ ತೂಕದ ಕಾರು ಗಂಟೆಗೆ 120 ಕಿಲೋಮೀಟರ್ ವೇಗದಲ್ಲಿದ್ದರೆ ಅದರ ಚಲನಶಕ್ತಿ ಸುಮಾರು 555 ಕಿಲೋಜೂಲ್. 60ಕ್ಕೆ ಇಳಿದಾಗ 139 ಮಾತ್ರ. ವೇಗ ಅರ್ಧವಾದರೆ ಶಕ್ತಿ ಕಾಲುಭಾಗವಾಯಿತು. ಉಳಿದ ಮುಕ್ಕಾಲು ಭಾಗ, ಅಂದರೆ 416 ಕಿಲೋಜೂಲ್, ಎಲ್ಲಿಗೆ ಹೋಯಿತು? ಹೆಚ್ಚಿನದೆಲ್ಲ ಬ್ರೇಕ್ ಡಿಸ್ಕುಗಳಿಗೆ, ಶಾಖವಾಗಿ. ಅಷ್ಟು ಶಾಖದಲ್ಲಿ 30 ಡಿಗ್ರಿಯ ಸುಮಾರು 1.4 ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದೂ ಎರಡು ಮೂರು ಸೆಕೆಂಡುಗಳಲ್ಲಿ! ಒಂದು ಸುತ್ತಿಗೆ ಇಂಥ ಆರು ಬ್ರೇಕು, ಇಪ್ಪತ್ತು ನಿಮಿಷದಲ್ಲಿ ಹತ್ತು ಸುತ್ತು ಎಂದಿಟ್ಟುಕೊಂಡರೆ ಎಂಬತ್ತು ಲೀಟರಿಗೂ ಹೆಚ್ಚು ನೀರು ಕಾಯಿಸಿದಂತಾಯಿತು. ಮದುವೆ ಮನೆಯ ಹಂಡೆಯನ್ನು ನೆನೆಸಿಕೊಳ್ಳಿ.

ಈ ಶಾಖ ಡಿಸ್ಕಿನಿಂದ ಪ್ಯಾಡಿಗೆ, ಪ್ಯಾಡಿನಿಂದ ಬ್ರೇಕ್ ಆಯಿಲ್‌ಗೆ ಹರಿಯುತ್ತದೆ. ನಮ್ಮ ಕಾಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವುದು ಈ ದ್ರವ. ದ್ರವವನ್ನು ಅದುಮಿ ಕುಗ್ಗಿಸಲು ಬರುವುದಿಲ್ಲ, ಆದ್ದರಿಂದಲೇ ಅದು ಒತ್ತಡವನ್ನು ಒಯ್ಯಬಲ್ಲದು. ಆದರೆ ಇದಕ್ಕೆ ಒಂದು ಕೆಟ್ಟ ಚಾಳಿಯಿದೆ: ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ‘ಡಾಟ್ 4’ ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಅದೇ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದರೆ ಕೊಳವೆಯಲ್ಲಿ ಆವಿಯ ಗುಳ್ಳೆಗಳು. ಆವಿಯನ್ನು ಅದುಮಬಹುದು. ನೀವು ಪೆಡಲ್ ತುಳಿಯುತ್ತೀರಿ, ಗುಳ್ಳೆ ಕುಗ್ಗುತ್ತದೆ, ಚಕ್ರ ತಿರುಗುತ್ತಲೇ ಇರುತ್ತದೆ.

ಇದನ್ನು ನಾನು ಪುಸ್ತಕದಿಂದಷ್ಟೇ ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಬಾಡಿಗೆ ಜೀಪಿನಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೆವು. ಹದಿನಾಲ್ಕು ತಿರುವು, ಚಾಲಕ ಪ್ರತಿ ತಿರುವಿಗೂ ಬ್ರೇಕನ್ನೇ ನಂಬಿದ್ದ. ಕೆಳಗಿನ ತಿರುವುಗಳಿಗೆ ಬರುವಷ್ಟರಲ್ಲಿ ಪೆಡಲ್ ಮೆತ್ತಗಾಗಿ ತಳಕ್ಕೆ ಹತ್ತಿತು. ಪುಣ್ಯಕ್ಕೆ ಅವನು ಗೇರು ಇಳಿಸಿ, ಗುಡ್ಡದ ಬದಿಗೆ ತಿರುಗಿಸಿ ನಿಲ್ಲಿಸಿದ. ಅರ್ಧ ಗಂಟೆ ತಣಿದ ಮೇಲೆ ಬ್ರೇಕು ಏನೂ ಆಗದ ಹಾಗೆ ಹಿಡಿಯಿತು! ಮರುದಿನ ಗ್ಯಾರೇಜಿನವರು ‘ಬ್ರೇಕ್ ಚೆನ್ನಾಗಿದೆ ಸಾರ್’ ಎಂದರು. ತಣ್ಣಗಿದ್ದಾಗ ಚೆನ್ನಾಗಿಯೇ ಇರುತ್ತದೆ. ಆ ದ್ರವವನ್ನು ಕೊನೆಯ ಸಲ ಬದಲಾಯಿಸಿದ್ದು ಯಾವಾಗ ಎಂದು ಯಾರಿಗೂ ನೆನಪಿರಲಿಲ್ಲ.

ಆದ್ದರಿಂದ ಪಥಕ್ಕೆ ಹೋಗುವ ಮುನ್ನ ಮೊದಲ ಖರ್ಚು ಹೊಸ ಬ್ರೇಕ್ ಆಯಿಲ್, ಹೆಚ್ಚು ಶಾಖ ತಾಳುವ ಪ್ಯಾಡು. ಕಾಲೇಜು ತಂಡಗಳು ತಾವೇ ಕಟ್ಟಿದ ವಾಹನಗಳನ್ನು ಓಡಿಸುವ ಎಸ್.ಎ.ಇ. ಇಂಡಿಯಾದ ಬಾಹಾ ಮತ್ತು ಸುಪ್ರಾ ಸ್ಪರ್ಧೆಗಳಲ್ಲೂ ಕ್ರಮ ಇದೇ. ನಾಲ್ಕೂ ಚಕ್ರ ಗಕ್ಕನೆ ನಿಲ್ಲುವುದನ್ನು ತೋರಿಸದೆ ವಾಹನವನ್ನು ಓಟಕ್ಕೆ ಬಿಡುವುದಿಲ್ಲ. ನಿಮ್ಮಲ್ಲಿ ಎಂಜಿನಿಯರಿಂಗ್ ಸೇರುವವರು ಈ ಸ್ಪರ್ಧೆಗಳ ಹೆಸರು ಬರೆದಿಟ್ಟುಕೊಳ್ಳಿ.

ಇನ್ನು ಟೈರು. ಮುಚ್ಚಿದ ಪಾತ್ರೆಯ ಗಾಳಿ ಕಾದರೆ ಒತ್ತಡ ಏರುತ್ತದೆ. 30 ಡಿಗ್ರಿಯಲ್ಲಿ 30 ಪೌಂಡ್ ಗಾಳಿ ತುಂಬಿದ ಟೈರು ಪಥದಲ್ಲಿ 80 ಡಿಗ್ರಿಗೆ ಕಾದರೆ ಒತ್ತಡ 37 ಪೌಂಡ್ ದಾಟುತ್ತದೆ. (ಲೆಕ್ಕ ಮಾಡುವಾಗ ವಾತಾವರಣದ ಒತ್ತಡ ಸೇರಿಸಿಕೊಳ್ಳಿ, ಉಷ್ಣತೆಯನ್ನು ಕೆಲ್ವಿನ್‌ಗೆ ಬದಲಿಸಿ. ಇದನ್ನು ಮರೆತು ನಾನೇ ಪರೀಕ್ಷೆಯಲ್ಲಿ ಅಂಕ ಕಳೆದುಕೊಂಡಿದ್ದೆ.) ಉಬ್ಬಿದ ಟೈರು ನೆಲವನ್ನು ಸರಿಯಾಗಿ ಹಿಡಿಯದು. ಅದಕ್ಕೇ ಬಲ್ಲವರು ಓಡಿಸಿ ಬಂದ ಕೂಡಲೇ, ಬಿಸಿಯಿದ್ದಾಗಲೇ ಒತ್ತಡ ಅಳೆದು ಸರಿಪಡಿಸುತ್ತಾರೆ. ಟೈರಿನ ಅಂಚಿಗೆ ಸೀಮೆಸುಣ್ಣದಲ್ಲಿ ಗೀಟು ಎಳೆದಿಟ್ಟು, ತಿರುವಿನಲ್ಲಿ ಅದು ಎಷ್ಟು ಅಳಿಸಿತು ಎಂದು ನೋಡುವವರೂ ಇದ್ದಾರೆ. ಗೀಟು ಪೂರ್ತಿ ಹೋಗಿದ್ದರೆ ಟೈರು ಮಗುಚುವಷ್ಟು ಬಾಗಿದೆ, ಗಾಳಿ ಸಾಲದು ಎಂದರ್ಥ. ನಾಲ್ಕಾಣೆಯ ಉಪಕರಣ!

ರಾಯಚೂರು ಸೀಮೆಯ ಕಾರಾದರೆ ರೇಡಿಯೇಟರಿನ ಜಾಲರಿಯನ್ನು ವಿಶೇಷವಾಗಿ ನೋಡಬೇಕು. ಹತ್ತಿ ಜಿನ್ನುಗಳ ಎಳೆ, ಅಕ್ಕಿ ಗಿರಣಿಯ ಹೊಟ್ಟು, ಎರೆಮಣ್ಣಿನ ದೂಳು ಅಲ್ಲಿ ಮೆತ್ತಿಕೊಂಡು ಗಾಳಿಗೆ ದಾರಿ ಕಟ್ಟುತ್ತವೆ. ಮೇಲೆ ನಿಮ್ಮ ಬೇಸಗೆ ಬೇರೆ. 43 ಡಿಗ್ರಿಯ ಗಾಳಿ 20 ಡಿಗ್ರಿಯ ಗಾಳಿಗಿಂತ ಶೇಕಡಾ 7ರಷ್ಟು ತೆಳು. ಅಷ್ಟು ಕಡಿಮೆ ಆಮ್ಲಜನಕ, ಅಷ್ಟು ಕಡಿಮೆ ಬಲ. ಎಂಜಿನ್ ಆಯಿಲ್ ಮೇಲಿನ ಗೆರೆಯವರೆಗೆ ಇರಲಿ. ಉದ್ದ ತಿರುವಿನಲ್ಲಿ ಅದು ಒಂದು ಬದಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿ ಎಳೆದೀತು. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ ಅಳತೆಗೆ ಬಿಗಿಯಿರಿ. ಕಾರಿನೊಳಗಿನ ನೀರಿನ ಬಾಟಲಿ, ಛತ್ರಿ, ದೇವರ ಪುಟ್ಟ ವಿಗ್ರಹ ಎಲ್ಲವನ್ನೂ ಹೊರಗಿಡಿ. ಬ್ರೇಕ್ ಪೆಡಲಿನ ಕೆಳಗೆ ಉರುಳಿ ಬರುವ ಬಾಟಲಿಗಿಂತ ದೊಡ್ಡ ಶತ್ರು ಇಲ್ಲ.

ಸೈಲೆನ್ಸರ್ ಬಿಚ್ಚುವುದು, ಸ್ಪ್ರಿಂಗ್ ಕತ್ತರಿಸುವುದು ಈ ಪಟ್ಟಿಯಲ್ಲಿ ಇಲ್ಲ ಎಂಬುದನ್ನು ಗಮನಿಸಿ. ಮೊದಲನೆಯದರಿಂದ ಹೆಚ್ಚುವುದು ಮುಖ್ಯವಾಗಿ ಸದ್ದು, ಎರಡನೆಯದರಿಂದ ಅಪಾಯ. ವಾಹನವನ್ನು ನೋಂದಣಿ ಪತ್ರದಲ್ಲಿರುವುದಕ್ಕೆ ವಿರುದ್ಧವಾಗಿ ಮಾರ್ಪಡಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವುದು ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನಂತೆ ಅಪರಾಧ.

ಕಾನೂನನ್ನು ಬದಿಗಿಡಿ, ಲೆಕ್ಕವನ್ನೇ ಕೇಳಿ. ರಾತ್ರಿ ರಾಯಚೂರಿನಿಂದ ಮಾನ್ವಿಗೆ ಹೋಗುವ ದಾರಿಯಲ್ಲಿ, ಹಿಂಬದಿಗೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ ಭತ್ತದ ಚೀಲ ಹೊತ್ತು ಹೋಗುತ್ತಿದೆ. ನೀವು 120ರಲ್ಲಿದ್ದೀರಿ, ಅಂದರೆ ಸೆಕೆಂಡಿಗೆ 33 ಮೀಟರ್. ಕಂಡು ಕಾಲು ಪೆಡಲಿಗೆ ಬರುವಷ್ಟರಲ್ಲಿ 33 ಮೀಟರ್ ಕಳೆಯಿತು. ಒಳ್ಳೆಯ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 70. ಒಟ್ಟು ನೂರು ಮೀಟರ್ ದಾಟಿತು. ಡಿಪ್ ಮಾಡಿದ ದೀಪದಲ್ಲಿ ಬಣ್ಣ ಮಾಸಿದ ಟ್ರಾಲಿ ಅಷ್ಟು ದೂರದಿಂದ ಕಾಣುವುದಿಲ್ಲ. ರಾಶಿಗೆಂದು ಯಾರಾದರೂ ರಸ್ತೆಯ ಮೇಲೆ ತೊಗರಿ ಹರಡಿದ್ದರೆ ಆ ಲೆಕ್ಕವೂ ಸುಳ್ಳು. 60ರಲ್ಲಿದ್ದರೆ? ಒಟ್ಟು 34 ಮೀಟರ್. ಆ ಟ್ರಾಲಿಯ ಮೇಲೆ ಕುಳಿತು ಬರುತ್ತಿರುವವರು ನಿಮ್ಮ ಊರಿನವರೇ.

ನಗರದ ರಸ್ತೆಯೂ ಪಥವಾಗಬಲ್ಲದು. ನಿಮಗೆ ಹತ್ತಿರದ ಹೈದರಾಬಾದಿನಲ್ಲಿ 2023ರ ಫೆಬ್ರವರಿ 11ರಂದು ಹುಸೇನ್ ಸಾಗರದ ದಂಡೆಯ ರಸ್ತೆಗಳಲ್ಲೇ ವಿದ್ಯುತ್ ಕಾರುಗಳ ಫಾರ್ಮುಲಾ ಇ ಪಂದ್ಯ ನಡೆಯಿತು. ಆದರೆ ಅದಕ್ಕಾಗಿ ರಸ್ತೆ ಮುಚ್ಚಿ, ಎರಡೂ ಬದಿ ತಡೆಗೋಡೆ ಕಟ್ಟಬೇಕಾಯಿತು.

ಪಥದಲ್ಲಿ ಕೊನೆಯ ಸುತ್ತನ್ನು ನಿಧಾನವಾಗಿ, ಬ್ರೇಕ್ ಆದಷ್ಟು ಮುಟ್ಟದೆ ಓಡಿಸುತ್ತಾರೆ. ಗಾಳಿ ಡಿಸ್ಕುಗಳನ್ನು ತಣಿಸಲಿ ಎಂದು. ಕಾರು ನಿಲ್ಲಿಸಿದ ಮೇಲೆ ಹ್ಯಾಂಡ್ ಬ್ರೇಕ್ ಎಳೆಯುವುದಿಲ್ಲ. ಕೆಂಡದಂತೆ ಕಾದ ಡಿಸ್ಕಿಗೆ ಪ್ಯಾಡನ್ನು ಒತ್ತಿಟ್ಟರೆ ಅಲ್ಲೇ ಅಂಟಿಕೊಂಡೀತು. ಗೇರಿನಲ್ಲಿಟ್ಟು, ಎತ್ತಿನ ಬಂಡಿಗೆ ಕೊಡುವ ಹಾಗೆಯೇ ಗಾಲಿಗೆ ಒಂದು ಕಲ್ಲು ಕೊಟ್ಟು, ಬಾನೆಟ್ ಎತ್ತಿ, ನೆರಳಿಗೆ ಹೋಗಿ ನೀರು ಕುಡಿಯುತ್ತಾರೆ.